ಹತ್ತರಾಗ ಎಷ್ಟ ಸುಖ?

ನನ್ನ ಸೋದರಮಾವನ ಬಾಯಿಂದ ಒಂದೇ ಒಂದು ನೇರ ಉತ್ತರ ಪಡೆದವರು ಇಡೀ ಹಾನಗಲ್ಲಿನಲ್ಲಿ ಯಾರಾದರೂ ಇದ್ದರೆ ಅವರಿಗೆ ಸನ್ಮಾನ ಮಾಡಲು ನಾನು ಸಿದ್ಧ! ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಪುಣ್ಯಾತ್ಮ. "ಸಾರಿಗೆ ಉಪ್ಪು ಸಾಕೇನ್ರಿ?" ಎಂದು ಅವನ ಹೆಂಡತಿ, ನಮ್ಮ ಅತ್ತೆ, ಕೇಳಿದರೆ "ಒಂದ ತುತ್ತಿನ ಮ್ಯಾಲ ಹೆಂಗ ಹೇಳೂದು? ಇನ್ನಷ್ಟು ಸಾರು ಹಾಕು, ಉಂಡು ನೋಡ್ತೇನಿ" ಎನ್ನುತ್ತಿದ್ದ.

ಮನೆಯೊಳಗಿದ್ದಾಗ ಇದು ನಗುವ ಮಾತು. ಎಂಬತ್ತರ ದಶಕದಲ್ಲಿ ನನ್ನ ಮದುವೆಯ ಪ್ರಸ್ತಾಪ ಬಂತು ನೋಡಿ, ನನ್ನ ಮಾನ ಬೀದಿಗೆ ಬಂತು. ಯಲವಿಗಿಯ ಹುಡುಗ ನನಗೆ ಹಿಡಿಸಿದ್ದ, ನಾನೂ ಅವನಿಗೆ ಹಿಡಿಸಿದ್ದೆ. ಜಾತಕ ಮಾತ್ರ ಹೊಂದಲಿಲ್ಲ. ಮೂವತ್ತಾರು ಗುಣಗಳಲ್ಲಿ ಅರ್ಧವಾದರೂ ಕೂಡಬೇಕಂತೆ. ನಮ್ಮದು ಒಂಬತ್ತಕ್ಕೇ ನಿಂತಿತು. ಹುಡುಗನ ತಾಯಿ ಬ್ಯಾಡ ಅಂದರು. ನಾನು ಮೂಲೆ ಹಿಡಿದು ಕಣ್ಣೀರು ಹಾಕಿದೆ.

"ಅಳಬ್ಯಾಡವಾ. ಗುಣಾ ಕೂಡಿದವರೆಲ್ಲ ಸುಖವಾಗಿ ಅದಾರೇನು, ಪರೀಕ್ಷಾ ಮಾಡೂಣು" ಅಂದ ಮಾಮಾ.

ಮಾಡಿದ! ಶಿಗ್ಗಾಂವಿಯ ಬಸ್‌ಸ್ಟ್ಯಾಂಡಾಗಲಿ, ಹಿರೇಕೆರೂರಿನ ಬೀಗರ ಮನೆಯಾಗಲಿ, ಗಂಡ ಹೆಂಡತಿ ಜೋಡಿಯಾಗಿ ಕಂಡರೆ ಸಾಕು: "ನಮಸ್ಕಾರ್ರಿ. ನಿಮ್ಮ ಗುಣಾ ಎಷ್ಟ ಕೂಡಿದ್ವು? ಈಗ ಹತ್ತರಾಗ ಎಷ್ಟ ಸುಖ ಅದೀರಿ?" ಜೊತೆಗೆ ನಾನು! ಸವಣೂರಿನ ಸಂತೆಯಲ್ಲಿ ಎಲೆ ಕೊಳ್ಳುತ್ತಿದ್ದ ಒಬ್ಬಾಕೆ ಗಂಡನ ಮುಖ ನೋಡಿ, "ಇವರ ಮುಂದ ಹೇಳ್ಲೇನ್ರಿ, ಹಿಂದ ಹೇಳ್ಲೇನ್ರಿ?" ಎಂದಳು.

"ಎರಡೂ ಹೇಳ್ರಿ, ಸರಾಸರಿ ತಗೀತೇನಿ."

ಗಂಡ ಚೀಲ ಕೆಳಗಿಟ್ಟು ಚಪ್ಪಲಿಗೆ ಬಗ್ಗಿದ! ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಓಡಿದೆ. ನಾಚಿಕೆ ಎಂದರೆ ಅಂತಿಂಥ ನಾಚಿಕೆಯಲ್ಲ. ಎರಡು ದಿನ ಬಾಗಿಲಾಚೆ ಕಾಲಿಡಲಿಲ್ಲ.

ಆಮೇಲೆ ಧಾರವಾಡ. ಅಲ್ಲಿ ಅವನ ಗೆಳೆಯನ ಕಚೇರಿಯಲ್ಲಿ ಕಂಪ್ಯೂಟರ್ ಇತ್ತು. ತಂಪು ಕೋಣೆ, ಚಪ್ಪಲಿ ಹೊರಗೇ ಬಿಡಬೇಕು. ಒಳಹೊಕ್ಕ ಮಾಮಾ ಯಂತ್ರಕ್ಕೆ ಕೈಮುಗಿದ! ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಗೆ ಎಲ್ಲರ ಗುಣ, ಎಲ್ಲರ ಸುಖ ತುಂಬಿದರು. ಎರಡಕ್ಕೂ ಎಷ್ಟು ಸಹಸಂಬಂಧ, ಅಂದರೆ ಎಷ್ಟು ನಂಟು (ಸೊನ್ನೆ ಬಂದರೆ ನಂಟೇ ಇಲ್ಲ), ಅದನ್ನು ಎಲ್ಲಿಂದ ಎಲ್ಲಿಯವರೆಗೆ ನಂಬಬಹುದು ಎಂಬ ಮಿತಿ ಎಷ್ಟು, ಎಲ್ಲವನ್ನೂ ಅದು ಕಿರ್ರೆಂದು ಉದ್ದ ಕಾಗದದಲ್ಲಿ ಉಗುಳಿತು.

ಆ ಕಾಗದವನ್ನು ಮಾಮಾ ಹುಡುಗನ ಮನೆಯ ಪಡಸಾಲೆಯಲ್ಲಿ ಜಮಖಾನದಂತೆ ಹಾಸಿದ. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

"ನೋಡ್ರಿ ಅಕ್ಕಾರ, ಕೆಳಗಿನ ಮಿತಿ ಸೊನ್ನಿಗಿಂತ ಕೆಳಗ, ಮ್ಯಾಲಿಂದು ಸೊನ್ನಿಗಿಂತ ಮ್ಯಾಲ. ಅಂದ್ರ ಗುಣಾ ನೋಡಿ ಸುಖಾ ಹೇಳಾಕ ಬರೂದಿಲ್ಲ."

"ಹಂಗಾರ ಇವರಿಬ್ಬರೂ ಸುಖವಾಗಿರ್ತಾರ ಅಂತ ಬರದು ಕೊಡ್ತೀರೇನು?" ಎಂದರು ಹುಡುಗನ ತಾಯಿ.

"ಅದೂ ಬರೂದಿಲ್ರಿ!"

ಅಯ್ಯೋ ಮಹಾರಾಯ, ಒಂದು ಸುಳ್ಳು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಮದುವೆ ಮುರಿಯಿತು ಎಂದುಕೊಂಡೆ.

ಹುಡುಗನ ತಾಯಿ ನಮ್ಮ ಜೊತೆ ಬಂದಿದ್ದ ಅತ್ತೆಯ ಕಡೆ ತಿರುಗಿದರು. "ಇದರಾಗ ನೀವು ಎಷ್ಟ ಹೇಳೀರವಾ?"

"ನನ್ನ ಕೇಳೇ ಇಲ್ರಿ."

ನಾಲ್ಕು ತಾಲೂಕಿನ ಹೆಂಡಂದಿರನ್ನು ಕೇಳಿದವನು ಮನೆಯಾಕೆಯನ್ನೇ ಕೇಳಿರಲಿಲ್ಲ! ಯಾರ ಮುಂದೆಯೂ ನಾಚದ ಮಾಮಾ ತಲೆ ತಗ್ಗಿಸಿದ. "ಅಂಜಿಕಿ ಬಂತು," ಎಂದ, "ಏನಂತಾಳೋ ಅಂತ."

ಅತ್ತೆ ಸೆರಗು ಸರಿಮಾಡಿಕೊಂಡಳು. "ನಮ್ದು ಆರ ಗುಣಾ ಕೂಡಿದ್ದು. ನಮ್ಮಪ್ಪ ಒಲ್ಲೆ ಅಂದಿದ್ದ. ನಾನಽ ಹಟಾ ಹಿಡಿದು ಬಂದೆ." ಆಮೇಲೆ ಗಂಡನಿಗೆ ಹೇಳಿದಳು: "ಹತ್ತಕ್ಕ ಹತ್ತು ಬರ್ಕೋರಿ."

ಹುಡುಗನ ತಾಯಿ ಎಲ್ಲರ ಬಾಯಿ ಸಿಹಿ ಮಾಡಲೆಂದು ಸಕ್ಕರೆ ತರಲು ಒಳಗೆ ಎದ್ದು ಹೋದರು. ಮಾಮಾ ಕಾಗದದ ಅಂಚು ಹಿಡಿದು ಕುಳಿತೇ ಇದ್ದ, ಕಣ್ಣು ತುಂಬಿದ್ದವು. ಒಂದೇ ಉತ್ತರದ ಮೇಲೆ ಹೆಂಗ ಹೇಳೂದು ಎಂದು ಅವನು ಕೇಳಲಿಲ್ಲ.