ಪ್ರಾಜೆಕ್ಟಿನ ಹಿಂದೆ ಯಾರಿದ್ದಾರೆ?

ಕಾಲೇಜು ಮಕ್ಕಳು ಪ್ರಶ್ನೆಪಟ್ಟಿ ಹಿಡಿದು ಬಂದಾಗಲೆಲ್ಲ ನನ್ನ ಮರ್ಯಾದೆ ಒಂದಿಷ್ಟು ಕಡಿಮೆಯಾಗುತ್ತದೆ. ಅವರು ಬರುವುದಂತೂ ನಿಲ್ಲುವುದಿಲ್ಲ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕಾನೂನು ಕಲಿತದ್ದು ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ. ನಮ್ಮೂರ ನಾಲೆಯ ಕೊನೆಯ ಗದ್ದೆಗಳಿಗೆ ನೀರು ಬಿಡಿಸಲು ವರ್ಷಗಳ ಹಿಂದೆ ಧರಣಿ ಕೂತು ಗೆದ್ದವನು. ಈ ವರ್ಷ ಮೈಸೂರಿನಲ್ಲಿ ಎಂ.ಎ. ಓದುವ ಮಗಳು ಪ್ರಾಜೆಕ್ಟ್ ಬರೆಯಬೇಕಿತ್ತು. ನನ್ನ ಧರಣಿ ಅದರಲ್ಲಿ ಬರಬೇಕು, ಅದೊಂದೇ ನನ್ನ ಆಸೆ. ಆದರೆ ಮಕ್ಕಳಿಗೆ ಈ ಪ್ರಾಜೆಕ್ಟಿನ ವಿಷಯಗಳನ್ನು ಕೊಡುವವರು ಯಾರು? ಅವರ ಹಿಂದೆ ಯಾರು? ಸಿಕ್ಕ ಸಿಕ್ಕ ವಿದ್ಯಾರ್ಥಿಗಳನ್ನೆಲ್ಲ ವಿಚಾರಿಸತೊಡಗಿದೆ.

೧. ನಿಲ್ಲದ ಬಸ್ಸು

ಎಚ್.ಡಿ. ಕೋಟೆ ರಸ್ತೆಯ ಒಂದು ಸ್ಟಾಪಿನಲ್ಲಿ ಹುಡುಗಿಯೊಬ್ಬಳು ನೋಟ್‌ಬುಕ್ಕಿನಲ್ಲಿ ಗೀಟು ಎಳೆಯುತ್ತಿದ್ದಳು. ಬರೀ ಹೆಂಗಸರು ನಿಂತಿದ್ದರೆ ಬಸ್ಸು ಎಷ್ಟು ಸಲ ನಿಲ್ಲದೆ ಹೋಗುತ್ತದೆ ಎಂಬುದೇ ಅವಳ ವಿಷಯ.

"ಇದನ್ನ ಬರಿ ಅಂದೋರು ಯಾರವ್ವ?"

"ಯಾರೂ ಇಲ್ಲ ಕಣಣ್ಣ. ಬಸ್ಸು ನಿಲ್ಸ್ದೆ ಓಗಿ ನನ್ನ ಒಂದು ಪರೀಕ್ಷೆ ತಪ್ಪೋಯ್ತು."

ಮುಂದಿನ ಬಸ್ಸಿಗೆ ನಡುರಸ್ತೆಯಲ್ಲಿ ಅಡ್ಡ ನಿಂತೆ. ಬಸ್ಸು ನಿಂತಿತು. ಹುಡುಗಿ ಹತ್ತಲಿಲ್ಲ.

"ಪಕ್ಕಕ್ಕೆ ಬನ್ನಿ ಅಣ್ಣ, ಹಿಂಗೆ ಅಡ್ಡ ನಿಂತು ನಿಲ್ಸಿದ್ರೆ ನನ್ನ ಪ್ರಾಜೆಕ್ಟ್ ಕೆಡ್ತದೆ."

ಡ್ರೈವರ್ ಬೈದ, ಸರಿ. ಅವನ ಜೊತೆ ಅವಳೂ ಬೈದಳು.

೨. ಹುರುಳಿ

ಸುಗ್ಗಿಯಲ್ಲಿ ನಾವು ಹುರುಳಿ ಗಿಡವನ್ನು ಟಾರು ರಸ್ತೆಗೆ ಹರಡುತ್ತೇವೆ. ಲಾರಿ, ಬಸ್ಸು ಅದರ ಮೇಲೆ ಓಡಾಡಿ ಕಾಳು ಬಿಡಿಸಿಕೊಡುತ್ತವೆ. ಮೊಣಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡ ಹುಡುಗನೊಬ್ಬ ಬಂದು, "ಇದು ಯಾರ ಹುರುಳಿ ಸಾರ್?" ಎಂದ. ಪೊಲೀಸರ ಕಡೆಯವನೇ, ಸಂಶಯವಿಲ್ಲ.

"ಗೊತ್ತಿಲ್ಲ ಕಣಪ್ಪ, ಗಾಳಿಗೆ ಬಂದು ಬಿದ್ದಿರ್ಬೇಕು" ಎಂದೆ. ಹುರುಳಿ ತಿರುವುವ ಕೋಲು ಕೈಯಲ್ಲೇ ಇತ್ತು.

"ಕೇಸಿಗಲ್ಲ ಸಾರ್, ಪ್ರಾಜೆಕ್ಟಿಗೆ. ರಸ್ತೆ ಒಕ್ಕಣೆ ನನ್ನ ವಿಷಯ. ಇದೇ ತಿರುವಲ್ಲಿ ಬೈಕು ಜಾರಿ ಬಿದ್ದೆ."

"ನೀನು ಬಿದ್ದೆ ಅಂತ ನಿಮ್ಮ ಮೇಷ್ಟ್ರು ಇದನ್ನ ಒಪ್ಪಿಬುಟ್ರಾ?"

"ಹಿಂದಿನ ಸೀಟಲ್ಲಿ ಅವರೇ ಇದ್ರು ಸಾರ್."

೩. ಧರಣಿಯ ಕಥೆ

ಕೊನೆಗೆ ಮಗಳು ಪ್ರಶ್ನೆಪಟ್ಟಿ ಹಿಡಿದು ಊರಿಗೆ ಬಂದಳು. ವಿಷಯ ನಮ್ಮ ನಾಲೆಯ ಹೋರಾಟವೇ ಎಂದಳು. ನಾನು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಪೇಪರ್ ಕಟಿಂಗ್‌ಗಳ ಫೈಲು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತೆ. ಅವಳು ನೇರ ಅಡುಗೆಮನೆಗೆ ಹೋಗಿ ತನ್ನ ಅವ್ವನ ಮುಂದೆ ಕೂತಳು.

ಪ್ರಾಜೆಕ್ಟಿನ ಪೂರ್ತಿ ಹೆಸರನ್ನು ಆಮೇಲೆ ಓದಿದೆ: ನಾಲೆ ಹೋರಾಟಗಾರರ ಮನೆಯ ಹೆಂಗಸರ ದುಡಿಮೆ.

"ಯಾರು ಹೇಳ್ಕೊಟ್ರು ನಿಂಗೆ ಇದನ್ನ?"

"ಯಾರು ಹೇಳ್ಕೊಡ್ಬೇಕಪ್ಪ? ನೀನು ಧರಣಿ ಕೂತಾಗ ಸ್ಕೂಲು ಬುಟ್ಟು ಅವ್ವನ ಜೊತೆ ಗದ್ದೇಲಿ ನಾಟಿ ಹಾಕಿದ್ದು ನಾನೇ ಅಲ್ವಾ?"

"ಹೋರಾಟ ಮಾಡ್ದೋನು ನಾನು. ನನ್ನೂ ಕೇಳು."

ಒಪ್ಪಿ ಪೆನ್ನು ತೆಗೆದಳು. "ನಮ್ಮ ಗದ್ದೆಗೆ ನೀರಿನ ಸರದಿ ವಾರದಲ್ಲಿ ಯಾವತ್ತು?"

ಫೈಲು ತೆರೆದೆ. ಹಾರ ಹಾಕಿಸಿಕೊಂಡ ಫೋಟೊ ಸಿಕ್ಕಿತು. ಅಧಿಕಾರಿಗೆ ಕೊಟ್ಟ ಮನವಿ ಸಿಕ್ಕಿತು. ಸರದಿ ಸಿಗಲಿಲ್ಲ.

ಅಡುಗೆಮನೆಯಿಂದ ಹೆಂಡತಿ ಅಂದಳು: "ಸುಲಭದ್ದು ಕೇಳವ್ವ. ನಮ್ಮ ಗದ್ದೆ ಎಲ್ಲೈತೆ ಅನ್ನು ಮೊದ್ಲು."