ಮೈ ಒದರದ ಹೋತ

ಗಿಡ್ಡ ಮೇಕೆ ಸಾಕಿದ ಮನೆಯಲ್ಲಿ ನೆಮ್ಮದಿಯಾಗಿ ದುಃಖಪಡಲಿಕ್ಕೂ ಆಗುವುದಿಲ್ಲ. ಕಣ್ಣೊರೆಸಿಕೊಳ್ಳಲು ಟವೆಲ್ ಹುಡುಕಿದರೆ ಅದರ ತುದಿ ಆಗಲೇ ಮೇಕೆಯ ಬಾಯಲ್ಲಿರುತ್ತದೆ. ಬಿಳಿಕೆರೆ ಪಕ್ಕದ ನಮ್ಮ ಹಳ್ಳಿಯಲ್ಲಿ, ಅರವತ್ತರ ದಶಕದ ಕೊನೆಗೆ, ನನಗೆ ಹೀಗೆ ಆಗುತ್ತಲೇ ಇತ್ತು. ಆಗ ಅವ್ವನಿಗೆ ಕ್ಷಯ. ಆಸ್ಪತ್ರೆಯ ಇಂಜೆಕ್ಷನ್ ಜೊತೆಗೆ ಮೇಕೆ ಹಾಲು ಕುಡಿಸು ಎಂದರು ಪಂಡಿತರು. ಮನೆಯಲ್ಲಿ ನಾವಿಬ್ಬರೇ. ಅವಳು ಹೋದರೆ ನನಗೆ ಇನ್ಯಾರೂ ಇರಲಿಲ್ಲ.

ಬಸ್ಸು

ಸರಗೂರು ಸಂತೆಯಲ್ಲಿ ಕಾಡಂಚಿನ ಹಾಡಿಯ ಮುದುಕಿಯೊಬ್ಬಳು ಮೊಣಕಾಲೆತ್ತರದ ಗಬ್ಬದ ಮೇಕೆ ಕೊಟ್ಟಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡೆ.

"ಪಾಪ, ಮರೀನ ತಾಯಿಂದ ಯಾಕಪ್ಪಾ ಅಗಲಿಸ್ದೆ?" ಎಂದರು ಕಂಡಕ್ಟರು.

"ಇದೇ ತಾಯಿ ಸ್ವಾಮಿ. ಮರಿ ಒಟ್ಟೇಲದೆ."

ಅವರು ಅದರ ಹೊಟ್ಟೆ ನೋಡಿ ಮುಂದಿನ ಸೀಟಿನವರನ್ನು ಎಬ್ಬಿಸಿದರು. "ಬಸುರಿ ಬಂದವ್ಳೆ, ಕಿಟಕಿ ಪಕ್ಕ ಜಾಗ ಬುಡಿ."

ಜಗಲಿ

ಮೇಕೆ ಈದ ಮೇಲೆ ಕೆಚ್ಚಲ ಕೆಳಗೆ ಚೊಂಬು ಹಿಡಿಯಲು ಜಾಗವೇ ಇರಲಿಲ್ಲ. ದಿನಾ ಅದನ್ನು ಜಗಲಿ ಮೇಲೆ ನಿಲ್ಲಿಸಿ, ನಾನು ಕೆಳಗೆ ಮಂಡಿಯೂರಿ ಕರೆಯುತ್ತಿದ್ದೆ. ಪಕ್ಕದ ಮನೆ ಗೌಡರು ನೋಡಿ, "ಎತ್ತವ್ವನ ಕಾಲಿಗೂ ಇಂಗೆ ಬಿದ್ದೋನಲ್ಲ ಕಣ್ಲಾ ನೀನು" ಎಂದರು. ಒಳಗೆ ಅವ್ವ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ನಾನು ಕರೆಯುವುದನ್ನು ಬಿಟ್ಟು ಓಡಿದೆ. ನಗುತ್ತಿದ್ದಳು. ಅಷ್ಟರಲ್ಲಿ ಮೇಕೆ ಚೊಂಬು ಒದ್ದಿತ್ತು.

ಹರಕೆ

ಕೆಮ್ಮು ನಿಂತರೆ ಮೊದಲ ಗಂಡು ಮರಿ ನಿನಗೇ ಎಂದು ಅವ್ವ ಮಾರಮ್ಮನಿಗೆ ಹರಕೆ ಹೊತ್ತಿದ್ದಳು. ಕೆಮ್ಮೇನೋ ನಿಂತಿತು, ಹುಟ್ಟಿದವೆಲ್ಲ ಹೆಣ್ಣು. ಮೂರನೇ ಸೂಲಿಗೆ ಗಂಡಾಯಿತು. ಅವ್ವ ಅದನ್ನು ತನ್ನ ಕಂಬಳಿಯಲ್ಲೇ ಮಲಗಿಸಿಕೊಂಡು ಬೆಳೆಸಿದಳು.

ನಮ್ಮ ಕಡೆ ಬಲಿಗೆ ಮೊದಲು ಹೋತದ ಮೇಲೆ ತೀರ್ಥ ಹಾಕುತ್ತಾರೆ. ಅದು ಮೈ ಒದರಿದರೆ ದೇವಿ ಒಪ್ಪಿದಳೆಂದು ಅರ್ಥ. ಒದರುವ ತನಕ ಕತ್ತಿ ಎತ್ತುವಂತಿಲ್ಲ. ಹರಕೆ ತೀರಿಸುವ ದಿನ ಗುಡಿಯ ಮುಂದೆ ಪೂಜಾರಿ ಒಂದು ಚೊಂಬು ಹಾಕಿದರು. ಹೋತ ಅವರ ಹೂವಿನ ತಟ್ಟೆಗೆ ಬಾಯಿ ಹಾಕಿತು. ಒಂದು ಕೊಡ ಸುರಿದರೂ ಅಲುಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೆನೆದು ನಡುಗುತ್ತಿದ್ದವರು ಪೂಜಾರಿಯೇ. ಕೊನೆಗೆ ಅದರ ಬೆನ್ನು ಸವರಿ ಬೆರಳು ಮೂಸಿದರು.

"ಅಳ್ಳೆಣ್ಣೆ ಅಚ್ಚಿದ್ದೀಯಾ ಕಣವ್ವಾ?"

"ಮಾರಮ್ಮನ ತವಕ್ಕೆ ಬರೋನಲ್ವಾ ಪೂಜಾರಪ್ಪ, ಚೆಂದಾಗಿ ಎಣ್ಣೆ ಒತ್ತಿ ಕರ್ಕಂಬಂದೆ."

ಹರಳೆಣ್ಣೆ ಮೆತ್ತಿದ ಕೂದಲೊಳಗೆ ನೀರು ಇಳಿದೇ ಇರಲಿಲ್ಲ. ಹೋತ ನಡೆದುಕೊಂಡೇ ಮನೆಗೆ ಬಂತು. "ಅವ್ಳೇ ಬ್ಯಾಡ ಅಂದ್ಲಲ್ಲ, ನಾವೇನ್ ಮಾಡಕ್ಕಾಯ್ತದೆ" ಎಂದಳು ಅವ್ವ.

ಕೊನೆಯ ನೀರು

ಆ ಚಳಿಗಾಲದಲ್ಲಿ ಕೆಮ್ಮು ತಿರುಗಿ ಬಂತು. ಅವ್ವ ಯುಗಾದಿ ಕಾಣಲಿಲ್ಲ. ದೇವಿಗೆ ಮೋಸ ಮಾಡಿದ್ದಕ್ಕೇ ಹೀಗಾಯಿತೆಂದು ಊರವರು ಪಿಸುಗುಟ್ಟಿದರು. ನನಗೂ ಹಾಗೇ ಅನ್ನಿಸಿ ಎದೆ ಒಡೆದುಹೋಯಿತು.

ಮಣ್ಣಿಗೆ ಒಯ್ಯುವ ಮೊದಲು ಅಂಗಳದಲ್ಲಿ ಅವ್ವನನ್ನು ಕೂರಿಸಿ ಒಬ್ಬೊಬ್ಬರೂ ಒಂದೊಂದು ಚೊಂಬು ನೀರು ಹಾಕುತ್ತಿದ್ದೆವು. ಹೋತ ಹಗ್ಗ ಕಿತ್ತುಕೊಂಡು ಬಂದು ಅವಳ ಕಾಲ ಬಳಿ ನಿಂತಿತು. ನಾನು ಹಾಕಿದ ನೀರು ಅದರ ಬೆನ್ನಿಗೂ ಬಿತ್ತು. ಕೊಂಬಿನಿಂದ ಬಾಲದವರೆಗೆ, ನೆಂಟರೆಲ್ಲರ ಮುಖಕ್ಕೆ ಹಾರುವಂತೆ, ಮೈ ಒದರಿತು.

ಎಲ್ಲರೂ ನೀರು ಹಾಕಲು ಬಂದಿದ್ದ ಪೂಜಾರಿಯನ್ನು ನೋಡಿದರು. ಅವರು ಅವ್ವನನ್ನು ನೋಡಿದರು, ಹೋತವನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

"ಕಣ್ಗೆ ನೀರು ಬಿತ್ತು ಕಣಪ್ಪಾ, ನಾನೇನೂ ನೋಡ್ನಿಲ್ಲ. ಒಸಿ ಅಳ್ಳೆಣ್ಣೆ ತಂದು ಅದ್ರ ಬೆನ್ನಿಗೆ ಅಚ್ಚೋಗು."