ಮೆಣಸಿನಕಾಯಿ ಮಾಸ್ತರರ ಮೀಸೆ ಮತ್ತು ರೂಪಾಯಿಯ ಪತನ

ಡಾಲರೆಂಬ ದೈತ್ಯನು ದಿನಕ್ಕೊಂದು ಮೆಟ್ಟಿಲೇರುತ್ತ, ರೂಪಾಯಿಯೆಂಬ ರಾಜಕುವರಿಯು ಪ್ರತಿಸಂಜೆ ಟೀವಿಯಲ್ಲಿ ಮೂರ್ಛೆ ಹೋಗುತ್ತಿದ್ದ ಆ ಘೋರ ಕಲಿಕಾಲದಲ್ಲಿ, ಎಲೈ ವಾಗ್ದೇವಿಯೇ, ಗದುಗಿನ ಹನಮಂತನ ಕಟಿಂಗ್ ಅಂಗಡಿಯೆಂಬ ರಣಾಂಗಣದಲ್ಲಿ, ಅರ್ಥಶಾಸ್ತ್ರಾರ್ಣವಪಾರಂಗತರೂ ನಿವೃತ್ತಿವೇತನವಿಭೂಷಿತರೂ ಪೃಥುಲಶ್ಮಶ್ರುಶೋಭಿತರೂ ಆದ ಗುರುಪಾದಪ್ಪ ಮೆಣಸಿನಕಾಯಿ ಮಾಸ್ತರರು ಕಾದಿದ ಬಗೆಯನ್ನು ನನ್ನ ನಾಲಗೆಯಲ್ಲಿ ನಿಂತು ನುಡಿಸು!

ಆ ಮೀಸೆ ಸಾಮಾನ್ಯದ್ದಲ್ಲ. ತಲೆತಲಾಂತರದ ಪಿಯುಸಿ ಮಕ್ಕಳನ್ನು ನಡುಗಿಸಿದ್ದು. ಕಾಲೇಜು ಬಿಟ್ಟ ಮೇಲೆ ಮಾಸ್ತರರ ಮಾತಿಗೆ ಹೆದರುವವರು ಯಾರೂ ಉಳಿಯದಿದ್ದರೂ, ಮೀಸೆಗೆ ಮಾತ್ರ ಮರ್ಯಾದೆ ಉಳಿದಿದೆಯೆಂದು ಅವರು ನಂಬಿದ್ದರು. ಅದರ ಅಂಚನ್ನಷ್ಟು ತೀಡಿಸಿಕೊಳ್ಳಲೆಂದೇ ಅಂದು ಬಿಳಿಬಟ್ಟೆಯ ಕವಚ ತೊಟ್ಟು, ತಿರುಗುಕುರ್ಚಿಯೆಂಬ ರಥವೇರಿದ್ದರು.

ಹಿಂದಿನ ಬೆಂಚಿನಿಂದ, ಪತ್ತಲಪರ್ವತಾಧಿಪನಾದ ಸೀರೆ ವ್ಯಾಪಾರಿ ರಾಚಪ್ಪ ಪೇಪರು ಮಡಚಿ ಕಹಳೆಯೂದಿದ.

“ಮಾಸ್ತರ, ನಿಮ್ಮ ರೂಪಾಯಿ ಮತ್ತ ಬಿತ್ತ ನೋಡ್ರಿ!”

“ಬೀಳಲಿ ಬಿಡ್ರಿ! ರೂಪಾಯಿ ಅಗ್ಗ ಆದ್ರ ನಮ್ಮ ಮಾಲು ಪರದೇಶಕ್ಕ ಹೆಚ್ಚ ಹೋಗತೈತಿ. ಇದನ್ನ ನಾ ಮೂವತ್ತ ವರ್ಷ ಕಲಿಸೀನಿ!”

“ನನ್ನ ಸೀರಿ ಗದಗನ ದಾಟವಲ್ವು, ಪರದೇಶ ಎಲ್ಲಿಂದ ಬಂತ್ರಿ? ಮೊದಲ ತೆರಗಿ ಇಳಸ್ರಿ. ಮಂದಿ ಕಿಸೇದಾಗ ರೊಕ್ಕ ಉಳದ್ರ ರೂಪಾಯಿ ತಾನ ಎದ್ದ ನಿಂದರತೈತಿ!”

“ತೆರಗಿ ಇಳಸಿದ್ರ ರಸ್ತಾ ಯಾರ ಮಾಡಸ್ತಾರ, ನೀವೇನು?”

“ಈಗರ ಎಲ್ಲೈತ್ರಿ ರಸ್ತಾ?”

“ಸರ, ಅಲ್ಲಾಡಬ್ಯಾಡ್ರಿ,” ಎಂದು ಕ್ಷುರಾಯುಧಧಾರಿ ಹನಮಂತ ಬೇಡಿಕೊಳ್ಳುತ್ತಲೇ ಇದ್ದ. ಆಗ ರಾಚಪ್ಪ ಕಟ್ಟಕಡೆಯ ಬಾಣ ಬಿಟ್ಟ.

“ಬರೇ ಪಾಠ ಹೇಳಿದವರಿಗೆ ಪ್ಯಾಟಿ ಏನ ತಿಳೀತೈತ್ರಿ!”

ಅದು ನೇರ ಎದೆಗೆ ನಾಟಿತು. ಪ್ರಳಯರುದ್ರನಂತೆ ಮಾಸ್ತರರು ಕುರ್ಚಿಸಮೇತ ಗರ್ರನೆ ತಿರುಗಿ “ಏನಂದಿ?” ಎಂದು ಗರ್ಜಿಸುವುದಕ್ಕೂ ಕತ್ತಿಯು ಮೇಲ್ದುಟಿಯ ಮೇಲೆ ಹಾಯುವುದಕ್ಕೂ ಸರಿಹೋಯಿತು. ಎಡಮೀಸೆ ಮಡಿಲಿಗುರುಳಿತು.

ದಶದಿಕ್ಕುಗಳೂ ಸ್ತಬ್ಧವಾದವು. ರಾಚಪ್ಪ ಎದ್ದು ನಿಂತ; ಅವನ ದನಿಯಲ್ಲೀಗ ಕಹಳೆಯಿರಲಿಲ್ಲ.

“ಅಯ್ಯ ಶಿವನ... ಬೆಳೀತೈತಿ ಬಿಡ್ರಿ ಸರ. ನಾನರ ಸುಮ್ನ ಕುಂದರಬೇಕಿತ್ತು.”

ಮಾಸ್ತರರು ಕನ್ನಡಿ ನೋಡಿದರು. “ಆ ಕಡೇದನ್ನೂ ತಗದ ಬಿಡಪಾ,” ಎಂದರು.

ಮುಖಕ್ಕೆ ಟವೆಲ್ ಒತ್ತಿಕೊಂಡು, ಸೋತ ಸಾಮ್ರಾಟನಂತೆ ಸಂದಿಗೊಂದಿಗಳಲ್ಲಿ ನಡೆದು ಮನೆ ಸೇರಿದರು. ಹೆಂಡತಿ ನೀಲಾಂಬಿಕಾ ಪಡಸಾಲೆಯಲ್ಲಿ ಬೇಳೆ ಆರಿಸುತ್ತಿದ್ದರು. ಮಾಸ್ತರರು ಎದೆ ಗಟ್ಟಿ ಮಾಡಿಕೊಂಡು ಟವೆಲ್ ಸರಿಸಿ, ತೀರ್ಪಿಗೆ ಕಾಯುತ್ತ ನಿಂತರು.

ಆಕೆ ತಲೆಯೆತ್ತಿ ಅವರ ಮುಖವನ್ನು ಚೆನ್ನಾಗಿ ನೋಡಿದರು.

“ಯಾಕ್ರಿ, ಹನಮಂತನ ಅಂಗಡಿ ಬಂದ್ ಇತ್ತೇನು?”